ಚೌಕಟ್ಟಿನಾಚೆ ಉಳಿದ ಮೂಳೆ

ಅಕ್ಕಾ,

ಒಂದೇ ಊರಲ್ಲಿ, ಎರಡು ಬಸ್ ಸ್ಟಾಪಿನ ದೂರದಲ್ಲಿ ಇದ್ದುಕೊಂಡು ಕಾಗದ ಬರೆದಿದ್ದಾನಲ್ಲ, ಇವನಿಗೇನು ಬಂತು ಧಾಡಿ ಎಂದು ಲಕೋಟೆ ನೋಡಿದ ಕೂಡಲೇ ನೀನು ನಗುತ್ತೀಯ. ಬಾಯಲ್ಲೇ ಹೇಳೋಣವೆಂದು ಮೂರು ಸಲ ನಿಮ್ಮ ಮನೆಗೆ ಬಂದಿದ್ದೆ. ಮೊದಲ ಸಲ ನೀನು ಊಟಕ್ಕೆ ಕೂರಿಸಿಬಿಟ್ಟೆ. ಎರಡನೇ ಸಲ ಭಾವ ಮನೆಯಲ್ಲಿದ್ದರು. ಮೂರನೇ ಸಲ ನಾನು "ಅಕ್ಕಾ, ಅವತ್ತು ಬೀರು ಇಳಿಸುವಾಗ" ಎಂದು ಬಾಯಿ ತೆರೆದದ್ದೇ ತಡ, ನೀನು "ಬಿಡೋ, ಆಗಿದ್ದು ಆಗೋಯ್ತು, ನನ್ನ ಕಾಲೇ ತಪ್ತಲ್ಲ" ಎಂದು ಎದ್ದು ಒಳಗೆ ಹೋದೆ. ಕಾಗದದ ನಡುವೆ ನೀನು ಬಾಯಿ ಹಾಕುವಂತಿಲ್ಲ. ಅದಕ್ಕೇ ಈ ದಾರಿ ಹಿಡಿದೆ.

ನಿನ್ನ ಕಾಲು ತಪ್ಪಲಿಲ್ಲ ಅಕ್ಕಾ. ಈ ಒಂದು ವಾಕ್ಯ ಬರೆಯುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಗುರುವಾರ ಹನ್ನೊಂದು ಗಂಟೆಗೆ ನಮ್ಮ ಆಸ್ಪತ್ರೆಯಲ್ಲಿ ವಿಚಾರಣೆ ಇದೆ, ನಿನಗೂ ನೋಟಿಸು ಬಂದಿರಬೇಕು. ನಿನ್ನ ಮೂಳೆಯ ಕೀಲು ತಪ್ಪಿದ್ದನ್ನು ಆ ಭಾನುವಾರವೇ ಗುರುತಿಸಲಿಲ್ಲವೆಂದು ಭಾವ ದೂರು ಕೊಟ್ಟಿದ್ದಾರಲ್ಲ, ಅದರದ್ದು. ಅವತ್ತು ಡ್ಯೂಟಿಯಲ್ಲಿದ್ದ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನನ್ನು ನಾವೆಲ್ಲ ಸಣ್ಣ ಡಾಕ್ಟರು ಅನ್ನುತ್ತೇವೆ. ಮೂರು ತಿಂಗಳಿಂದ ಅವರು ರೋಗಿಗಳನ್ನು ಮುಟ್ಟುವಂತಿಲ್ಲ. ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಹಳೇ ಕೇಸ್ ಶೀಟುಗಳಿಗೆ ದಾರ ಕಟ್ಟುತ್ತಾ ಕೂತಿದ್ದಾರೆ. ಗುರುವಾರ ತಪ್ಪು ಅವರದೇ ಎಂದಾದರೆ ಕೆಲಸ ಹೋಗುತ್ತದೆ, ಆಮೇಲೆ ಇನ್ನೊಂದು ಆಸ್ಪತ್ರೆ ಅವರನ್ನು ಒಳಗೆ ಬಿಟ್ಟುಕೊಳ್ಳುವುದೂ ಕಷ್ಟ. ಸಾಕ್ಷಿಗಳಲ್ಲಿ ಮೊದಲು ನೀನು, ಆಮೇಲೆ ನಾನು. ನೀನು ಆ ಕೋಣೆಗೆ ಬರುವ ಮೊದಲೇ, ಅವತ್ತು ನಡೆದದ್ದೆಲ್ಲ ನಿನಗೆ ಗೊತ್ತಿರಬೇಕು.

ನಾನು ಮನೆ ಬದಲಿಸಿದ ಆ ಭಾನುವಾರ ನೆನಪಿದೆಯಲ್ಲ. ಸಾಮಾನು ಸಾಗಿಸುವವರು ಬೆಳಿಗ್ಗೆಯೇ ಒಂದು ಲೋಡು ಒಯ್ದಿದ್ದರು. ಅಮ್ಮನ ಕಬ್ಬಿಣದ ಬೀರು ಮಾತ್ರ ಮೂರನೇ ಮಹಡಿಯಲ್ಲಿ ಉಳಿದಿತ್ತು, ನಾಲ್ಕು ಗಂಟೆಗೆ ಬಂದು ಒಯ್ಯುತ್ತೇವೆ ಅಂದಿದ್ದರು. ನನಗೆ ತಡೆಯಲಿಲ್ಲ. ಒಂದು ಗಂಟೆಗೆ ನಮ್ಮ ಎಕ್ಸ್‌ರೇ ವಿಭಾಗದ ಹಿರಿಯ ಟೆಕ್ನಿಷಿಯನ್ನರ ನಿವೃತ್ತಿಯ ಊಟ ಇತ್ತು. ಅಷ್ಟರೊಳಗೆ ಮನೆ ಖಾಲಿ ಮಾಡಿ, ಕಸ ಹೊಡೆದು, ಬೀಗದ ಕೈ ಒಪ್ಪಿಸಿ, ಶಿಸ್ತಾಗಿ ಹೋಗಿ ಕೂರಬೇಕು ಅಂತ ನನ್ನ ಲೆಕ್ಕ. ನನ್ನ ಓರಣದ ಹುಚ್ಚು ನಿನಗೆ ಗೊತ್ತೇ ಇದೆ. ನಮ್ಮಿಬ್ಬರಿಂದ ಆಗುತ್ತೆ ಬಾ ಅಕ್ಕಾ ಎಂದು ನಿನ್ನನ್ನು ಎಬ್ಬಿಸಿದೆ. ಇಪ್ಪತ್ತು ವರ್ಷ ಈಜು ಕಲಿಸಿದ ಭುಜ, ನಿನಗೇನು ಭಾರ ಎಂದು ಬೆಣ್ಣೆ ಹಚ್ಚಿದೆ. ನೀನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದ್ಲು ಆ ಅಂಗಿ ಬಿಚ್ಚೋ, ಮದುಮಗನ ಥರ ಬೀರು ಹೊರೋಕೆ ಬಂದಿದಾನೆ" ಅಂದೆ. ನಾನು ಬಿಚ್ಚಲಿಲ್ಲ. ತಿಳಿ ನೀಲಿ ಬಣ್ಣದ ಹೊಸ ಅಂಗಿ, ಇಸ್ತ್ರಿ ಮಾಡಿ ಆಗಷ್ಟೇ ಹಾಕಿದ್ದೆ.

ಕೆಳಗಿನ ತುದಿ ನೀನು ಹಿಡಿದೆ. ಯಾವಾಗಲೂ ಭಾರದ ತುದಿ ನಿನ್ನದೇ. ಎರಡನೇ ಮಹಡಿಯ ತಿರುವಿನಲ್ಲಿ, ಮೆಟ್ಟಿಲು ಎಲ್ಲಿದೆ ನೋಡಿಕೊಳ್ಳಲು ನೀನು ಅರ್ಧ ತಿರುಗಿದೆ. ನಿನ್ನ ಬಲಭುಜ ಗೋಡೆಗೆ ಒತ್ತಿತ್ತು, ಎಡಭುಜದ ಹಿಂಬದಿಗೆ ಬೀರು ಇತ್ತು. ಬೀರಿನ ಆಚೆ ಇದ್ದ ನಾನು ನಿನಗೆ ಕಾಣುತ್ತಿರಲಿಲ್ಲ. ಆಗ ಬೀರಿನ ಬಾಗಿಲ ಕೀಲಿನ ಗ್ರೀಸು ನನ್ನ ಅಂಗಿಯ ಕಡೆ ಬರುತ್ತಿರುವುದನ್ನು ನೋಡಿದೆ. ಅಂಗಿಯನ್ನು ಪಕ್ಕಕ್ಕೆ ಎಳೆದುಕೊಳ್ಳಲು ಬಲಗೈ ಬಿಟ್ಟೆ. ಒಂದೇ ಗಳಿಗೆ. ಒಂದು ಕೈಗೆ ಆ ಭಾರ ನಿಲ್ಲಲಿಲ್ಲ. ಬೀರು ಜಾರಿ ನಿನ್ನ ಎಡಭುಜಕ್ಕೆ ಹಿಂದಿನಿಂದ ಗುದ್ದಿ, ನಿನ್ನನ್ನು ಗೋಡೆಗೆ ಅಮುಕಿ, ನಿನ್ನ ಭುಜವನ್ನು ಮುಂದಕ್ಕೆ ಮಡಚಿತು. ಭಾರ ಬಂದದ್ದಕ್ಕೆ ನಿನ್ನ ಕಾಲು ಒಂದು ಮೆಟ್ಟಿಲು ಕೆಳಗಿಳಿಯಿತು. ನೀನು ಮಾತ್ರ ಕಾಲು ತಪ್ಪಿದ್ದಕ್ಕೇ ಬೀರು ಬಿತ್ತು ಅಂದುಕೊಂಡೆ. ಉಸಿರು ಸಿಕ್ಕಿದ ಮೇಲೆ ನೀನು ಆಡಿದ ಮೊದಲ ಮಾತು, "ಬೀರಿಗೆ ಏನಾದ್ರೂ ಆಯ್ತೇನೋ? ಸಾರಿ ಕಣೋ." ಆ ಹೊತ್ತಿಗೇ ನಾನು "ಇಲ್ಲ ಅಕ್ಕಾ, ನಾನು ಕೈ ಬಿಟ್ಟೆ" ಅನ್ನಬೇಕಿತ್ತು. ಅದರ ಬದಲು ಅಂಗಿ ನೋಡಿಕೊಂಡೆ. ಅಂಗಿಗೆ ಒಂದು ಚುಕ್ಕೆ ಕಲೆಯೂ ಆಗಿರಲಿಲ್ಲ.

ನನಗೆ ಏಳು ವರ್ಷವಾಗಿದ್ದಾಗ ನೀನೇ ನನಗೆ ಈಜು ಕಲಿಸಿದ್ದು. ನೀರಿನ ಮೇಲೆ ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಇಟ್ಟು ನಿಲ್ಲುತ್ತಿದ್ದೆ. "ಕೈ ತೆಗೆಯೋ ಮುಂಚೆ ಹೇಳ್ತೀನಿ ಕಣೋ, ಹೇಳ್ದೆ ತೆಗೆಯಲ್ಲ" ಅನ್ನುತ್ತಿದ್ದೆ. ಒಂದು ದಿನವೂ ಹೇಳದೆ ಕೈ ತೆಗೆಯಲಿಲ್ಲ. ಆಮೇಲೆ ನಿನ್ನ ಈಜುಕೊಳಕ್ಕೆ ಬರುತ್ತಿದ್ದ ಮಕ್ಕಳಿಗೂ ನೀನು ಅದನ್ನೇ ಹೇಳುತ್ತಿದ್ದೆಯಂತೆ. ನಾನು ಮಾತ್ರ ನಿನಗೆ ಒಂದು ಮಾತು ಹೇಳದೆ ಕೈ ತೆಗೆದೆ.

ಇಷ್ಟಕ್ಕೇ ನಿಂತಿದ್ದರೆ ಅದು ಅಪಘಾತ. ಮುಂದಿನದ್ದನ್ನು ನಾನು ಯೋಚಿಸಿಯೇ ಮಾಡಿದೆ.

ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಸಣ್ಣ ಡಾಕ್ಟರು ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿ "ಹೇಗಾಯ್ತಮ್ಮ?" ಎಂದು ಕೇಳಿದರು. ನೀನು ನೋವಿಗೆ ಹಲ್ಲು ಕಚ್ಚಿಕೊಂಡಿದ್ದೆ, ತಡವಾಯಿತು. ಆ ತಡದಲ್ಲಿ ನಾನು ನುಗ್ಗಿದೆ: "ಮೆಟ್ಟಿಲಲ್ಲಿ ಜಾರಿದ್ರು ಡಾಕ್ಟ್ರೇ, ಕೈ ಊರಿ ಬಿದ್ರು." ಬೀರಿನ ಮಾತು ಎತ್ತಿದರೆ ಮೇಲಿನ ತುದಿ ಹಿಡಿದವರು ಯಾರು ಅನ್ನುವುದೂ ಬರುತ್ತಿತ್ತು. ಅವರು ನಾನು ಹೇಳಿದ್ದನ್ನೇ ಬರೆದುಕೊಂಡರು. ನೀನು ತಿದ್ದಲಿಲ್ಲ.

ಆ ಒಂದು ಸುಳ್ಳು ಎಂಥದ್ದು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಎಕ್ಸ್‌ರೇ ತೆಗೆದ ನನಗೆ ಗೊತ್ತು. ಕತ್ತಿನ ಕೆಳಗೆ ಅಡ್ಡಡ್ಡ ಇರುವ ಆ ಕಾಲರ್ ಬೋನಿಗೆ ಎರಡು ತುದಿ. ಹೊರತುದಿ ಭುಜದ ನೆತ್ತಿಯಲ್ಲಿ ಕೂರುತ್ತದೆ, ಒಳತುದಿ ಎದೆಯ ನಡುಮೂಳೆಗೆ ಕೂಡುತ್ತದೆ. ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಹೊರತುದಿಯ ಕೀಲೇ ತಪ್ಪುವುದು. ವಾರಕ್ಕೊಬ್ಬರಾದರೂ ಬರುತ್ತಾರೆ, ಭುಜದ ಮೇಲೆ ಗಂಟು ಎದ್ದಿರುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ. ಒಳತುದಿ ತಪ್ಪುವುದು ಬಲು ಅಪರೂಪ. ಅದರಲ್ಲೂ ಮುಂದಕ್ಕೆ ತಪ್ಪಿದರೆ ಉಬ್ಬು ಕಾಣುತ್ತದೆ, ಹಿಂದಕ್ಕೆ ತಪ್ಪಿದರೆ ಹೊರಗೆ ಒಂದು ಸಣ್ಣ ಗುಂಡಿ ಬಿಟ್ಟರೆ ಏನೂ ಇಲ್ಲ, ಬಾವು ಬಂದರೆ ಆ ಗುಂಡಿಯೂ ತುಂಬಿಕೊಳ್ಳುತ್ತದೆ. ಆದರೆ ಅಪಾಯವೆಲ್ಲ ಅದರದ್ದೇ. ಅದರ ಹಿಂದೆಯೇ ಉಸಿರಿನ ಕೊಳವೆ, ಅನ್ನನಾಳ, ಕೈಯಿಂದ ಬರುವ ದೊಡ್ಡ ರಕ್ತನಾಳ ಇರುವುದು. ಹೀಗೆ ಹಿಂದಕ್ಕೆ ತಪ್ಪಬೇಕಾದರೆ ಭುಜಕ್ಕೆ ಹಿಂದಿನಿಂದ ಭಾರಿ ಪೆಟ್ಟು ಬೀಳಬೇಕು, ಇಲ್ಲವೇ ಎದೆಗೇ ನೇರ ಗುದ್ದಬೇಕು. ಹೇಗೆ ಬಿದ್ದರು ಅನ್ನುವ ಒಂದು ಪ್ರಶ್ನೆಯ ಉತ್ತರದಲ್ಲೇ ಅರ್ಧ ರೋಗ ಗೊತ್ತಾಗಿಬಿಡುತ್ತದೆ. ಅದಕ್ಕೆ ನಾನು ಮಣ್ಣು ಹಾಕಿದೆ.

ಆದರೂ ಅವರು ಮುಟ್ಟಿ ನೋಡಿದರು. ನಿನ್ನ ಎರಡೂ ಕಾಲರ್ ಬೋನುಗಳ ಮೇಲೆ ಬೆರಳಾಡಿಸಿ ಬಲಗಡೆ ಒಳತುದಿಯ ಹತ್ತಿರ ನಿಂತರು. "ಇಲ್ಲಿ ಸ್ವಲ್ಪ ಉಬ್ಬಿದ ಹಾಗಿದೆಯಲ್ಲ, ಹಳೇದಾ?" ಅಂದರು. ನೋವು ಎಡಕ್ಕೆ, ಉಬ್ಬು ಬಲಕ್ಕೆ. ನಾನೇ ಉತ್ತರ ಕೊಟ್ಟೆ: "ಈಜೋರಿಗೆ ಹಾಗೇ ಇರುತ್ತೆ ಡಾಕ್ಟ್ರೇ." ನೀನೂ ತಲೆ ಆಡಿಸಿದೆ, ನನ್ನ ತಮ್ಮ ಆಸ್ಪತ್ರೆಯವನು, ಅವನಿಗೆ ಗೊತ್ತಿರುತ್ತೆ ಅಂತ. ಬಲಗಡೆ ಏನೂ ಉಬ್ಬಿರಲಿಲ್ಲ ಅಕ್ಕಾ. ಅದು ಇದ್ದ ಜಾಗದಲ್ಲೇ ಇತ್ತು. ಎಡದ್ದು ಒಳಗೆ ಕುಸಿದಿದ್ದರಿಂದ ಸರಿಯಿದ್ದ ಬಲವೇ ಎದ್ದು ಕಾಣುತ್ತಿತ್ತು.

ಅವರು ಭುಜದ ಎಕ್ಸ್‌ರೇ ಬರೆದುಕೊಟ್ಟರು. ಜಾರಿ ಬಿದ್ದವರಿಗೆ ಬರೆಯುವುದೇ ಅದನ್ನ. ಅವತ್ತು ನನಗೆ ರಜೆ, ಆದರೂ ನನ್ನ ಅಕ್ಕ ಎಂದು ಫಿಲ್ಮು ನಾನೇ ತೆಗೆದೆ. ನಿನ್ನನ್ನು ನಿಲ್ಲಿಸಿ, ಎರಡೂ ಮಣಿಕಟ್ಟಿಗೆ ಐದೈದು ಕಿಲೋ ತೂಕ ಕಟ್ಟಿ ಇಳಿಬಿಟ್ಟೆ. ಹೊರತುದಿಯ ಕೀಲು ಸಡಿಲವಾಗಿದ್ದರೆ ಆ ಭಾರಕ್ಕೆ ಸಂದು ಅಗಲವಾಗಿ ಕಾಣುತ್ತದೆ. ನಿನ್ನ ಹಣೆಯಲ್ಲಿ ಬೆವರು ಕಿತ್ತುಬಂತು, ನೀನು ಕಣ್ಣು ಮುಚ್ಚಿಕೊಂಡೆ. ನಾನು ಗಾಜಿನ ಆಚೆ ನಿಂತು "ಅಲ್ಲಾಡ್ಬೇಡ, ಉಸಿರು ಹಿಡ್ಕೋ" ಅಂದೆ. ಉಸಿರೇ ಸರಿಯಾಗಿ ಬಾರದವಳಿಗೆ!

ನಾನು ತೆಗೆಯುವ ಫಿಲ್ಮು ಹೇಗಿರುತ್ತದೆ ಅಂತ ಆಸ್ಪತ್ರೆಯಲ್ಲಿ ಯಾರನ್ನು ಬೇಕಾದರೂ ಕೇಳು. ಬೇಕಾದಷ್ಟೇ ಜಾಗಕ್ಕೆ ಬೆಳಕು ಬಿಡುತ್ತೇನೆ, ಒಂದು ಬೆರಳಗಲ ಆಚೆ ಹೋಗಲು ಬಿಡುವುದಿಲ್ಲ, ನಾಲ್ಕು ಅಂಚೂ ಕತ್ತರಿಸಿದ ಹಾಗಿರುತ್ತದೆ. ಹೊಸದಾಗಿ ಸೇರಿದವರಿಗೆ ನನ್ನ ಫಿಲ್ಮುಗಳನ್ನೇ ತೋರಿಸಿ ಪಾಠ ಮಾಡುತ್ತಾರೆ. ಬೇರೆಯವರು ಧಾರಾಳವಾಗಿ ಅರ್ಧ ಎದೆಯನ್ನೇ ಸೇರಿಸಿ ತೆಗೆಯುವುದನ್ನು ಕಂಡರೆ ಮೈ ಉರಿಯುತ್ತಿತ್ತು ನನಗೆ. ನಿನ್ನದನ್ನೂ ಹಾಗೇ ತೆಗೆದೆ. ಭುಜ, ಹೊರತುದಿಯ ಕೀಲು, ಕಾಲರ್ ಬೋನಿನ ಮುಕ್ಕಾಲು ಭಾಗ, ಅಲ್ಲಿಗೆ ಚೌಕಟ್ಟು ಮುಗಿಯಿತು. ಕೆಲಸಕ್ಕೆ ಬರುತ್ತಿದ್ದ ಕಾಲು ಭಾಗ ನನ್ನ ಅಚ್ಚುಕಟ್ಟುತನದಿಂದ ಹೊರಗುಳಿಯಿತು. ಯಾರೋ ಒಬ್ಬ ಒರಟು ಕೆಲಸದವನು ಅದನ್ನು ತೆಗೆದಿದ್ದರೂ ಎರಡೂ ಒಳತುದಿಗಳು ಅಂಚಿನಲ್ಲಿ ಎಲ್ಲೋ ಮಸುಕಾಗಿಯಾದರೂ ಕಾಣುತ್ತಿದ್ದವು, ಒಂದು ಮೇಲೆ ಒಂದು ಕೆಳಗೆ.

ಇದಾದ ಮೇಲೆ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ನಡೆದದ್ದು ನಿನಗೆ ತಿಳಿಯದು, ಭಾವನಿಗೂ ತಿಳಿಯದು. ಸಣ್ಣ ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. ಭುಜದ ಕೀಲು ಸರಿಯಾಗಿಯೇ ಇತ್ತು. ಅವರು ಹೋಗಲಿಲ್ಲ, ಅಲ್ಲೇ ನಿಂತರು. "ಭುಜ ಸರಿ ಇದೆ ಸರ್, ಆದ್ರೆ ಅವರಿಗೆ ಇಷ್ಟೊಂದು ನೋವು ಯಾಕೆ? ಒಳತುದಿ ಇದರಲ್ಲಿ ಇಲ್ವಲ್ಲ. ಟ್ಯೂಬನ್ನ ಕೆಳಗಿಂದ ಓರೆ ಮಾಡಿ ಒಂದು ತೆಗೀತೀರಾ?" ಎಂದು ಕೇಳಿದರು. ಅವರು ಕೇಳಿದ್ದು ನೂರಕ್ಕೆ ನೂರು ಸರಿ. ನೇರವಾಗಿ ತೆಗೆದರೆ ಆ ಜಾಗದಲ್ಲಿ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಒಂದರ ಮೇಲೊಂದು ಬಿದ್ದು ಗೊಂದಲ. ರೋಗಿಯನ್ನು ಅಂಗಾತ ಮಲಗಿಸಿ, ಕಾಲಿನ ಕಡೆಯಿಂದ ತಲೆಯ ಕಡೆಗೆ ನಲವತ್ತು ಡಿಗ್ರಿ ಓರೆಯಾಗಿ ತೆಗೆದರೆ ಎರಡೂ ಒಳತುದಿಗಳು ಅಕ್ಕಪಕ್ಕ ಕಾಣುತ್ತವೆ. ಹಿಂದಕ್ಕೆ ಹೋದದ್ದು ಕೆಳಗೆ ಕಾಣುತ್ತದೆ. ನನ್ನ ಸರ್ವೀಸಿನಲ್ಲಿ ನಾಲ್ಕೇ ಸಲ ಅಂಥದ್ದು ತೆಗೆದಿದ್ದೇನೆ. ಅದಕ್ಕೆ ಬೇಕಾದದ್ದು ಐದು ನಿಮಿಷ.

ನಾನು ಅವರಿಗೆ ಏನು ಹೇಳಿದೆ ಗೊತ್ತೇ? "ಜಾರಿ ಬಿದ್ದಿದ್ದಕ್ಕೆ ಅದೆಲ್ಲ ಆಗಲ್ಲ ಡಾಕ್ಟ್ರೇ. ಸುಮ್ನೆ ಯಾಕೆ ಇನ್ನೊಂದ್ಸಲ ರೇಡಿಯೇಷನ್ನು? ನನ್ನ ಅಕ್ಕ, ನನಗೆ ಗೊತ್ತಿಲ್ವಾ?" ಎಂದೆ. ನಗುತ್ತಾ ಹೇಳಿದೆ. ಅವರು ಕೆಲಸಕ್ಕೆ ಸೇರಿ ಎಂಟು ತಿಂಗಳು, ನಾನು ಇಪ್ಪತ್ತೆರಡು ವರ್ಷದ ಸರ್ವೀಸಿನವನು. ಅವರು ಫಿಲ್ಮನ್ನು ಕೆಳಗಿಳಿಸಿದರು, ನಿನ್ನ ಕೈಗೆ ಜೋಲಿ ಕಟ್ಟಿದರು, ಮಾತ್ರೆ ಬರೆದರು, ನುಂಗೋಕೆ ಉಸಿರಾಡೋಕೆ ಕಷ್ಟ ಆದರೆ ಕೂಡಲೇ ಬನ್ನಿ ಎಂದು ಎರಡು ಸಲ ಹೇಳಿದರು. ಹೌದು, ಅದನ್ನು ನನಗೇ ಹೇಳಿದರು. ನಿನಗೆ ತಲುಪಿಸುವ ಜವಾಬ್ದಾರಿ ನನ್ನದಾಗಿತ್ತು. ಓರೆಯ ಫಿಲ್ಮಿನಲ್ಲಿ ಏನು ಕಾಣಬಹುದು ಅನ್ನುವ ಅನುಮಾನ ಆಗಲೇ ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಬೀರು ನಿನಗೆ ಎಲ್ಲಿ ಗುದ್ದಿತು ಅಂತ ನೋಡಿದವನು ನಾನೊಬ್ಬನೇ.

ಆಮೇಲೆ ಒಂಬತ್ತು ದಿನ. ಫೋನಿನಲ್ಲಿ ನೀನು "ಅನ್ನ ನುಂಗುವಾಗ ಇಲ್ಲಿ ಏನೋ ತಡೆಯುತ್ತೆ ಕಣೋ" ಅಂದೆ. ನಿದ್ದೆ ಸರಿಯಿಲ್ಲದೆ ಗಂಟಲು ಒಣಗಿದೆ ಅಂದೆ ನಾನು. "ಮಲಗಿದ್ರೆ ಉಸಿರು ಕಟ್ಟುತ್ತೆ, ಕುರ್ಚಿಲೇ ಕೂತು ಮಲಗ್ತಿದೀನಿ" ಅಂದೆ ನೀನು. ವಯಸ್ಸಾಯ್ತು ನಿನಗೆ, ಕೊಳದಲ್ಲಿ ಮೀನಿನ ಥರ ಇದ್ದವಳು ಇಷ್ಟಕ್ಕೆಲ್ಲ ನಾಟಕ ಮಾಡ್ತೀಯಲ್ಲ ಎಂದು ಗೇಲಿ ಮಾಡಿದೆ. ನೀನೂ ನಕ್ಕೆ. ಆ ನಗುವಿನಲ್ಲೇ ನಿನ್ನ ದನಿ ಒಡೆದಿತ್ತು, ನನಗೆ ಕೇಳಿಸಿತ್ತು. ಪ್ರತಿದಿನ ಇನ್ನೊಂದು ದಿನ ನೋಡೋಣ, ತಾನಾಗೇ ಸರಿಹೋದೀತು ಎಂದು ಅಂದುಕೊಂಡೆ. ಸರಿಹೋದರೆ ನನ್ನ ಸುಳ್ಳೂ ಅದರ ಜೊತೆಗೇ ಮುಚ್ಚಿಹೋಗುತ್ತಿತ್ತು.

ಒಂಬತ್ತನೇ ದಿನ ನಿನ್ನ ಎಡಗೈ ಊದಿ ನೀಲಿಗಟ್ಟಿತು. ಭಾವ ನನ್ನನ್ನು ಕೇಳದೆ ಸೀದಾ ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿಯ ಹಿರಿಯ ಮೂಳೆ ಡಾಕ್ಟರು ನಿನ್ನ ಬೆನ್ನ ಹಿಂದೆ ನಿಂತು, ಎರಡು ಕೈಯ ತೋರುಬೆರಳನ್ನೂ ಹೊರಗಿನಿಂದ ಒಳಕ್ಕೆ ಒಟ್ಟಿಗೆ ಎಳೆದುಕೊಂಡು ಬಂದರಂತೆ. ಬಲಬೆರಳು ಗಟ್ಟಿ ಮೂಳೆಗೆ ತಾಗಿ ನಿಂತಿತು, ಎಡಬೆರಳು ಗುಂಡಿಗೆ ಬಿತ್ತು. "ಬಿದ್ದಿದ್ದು ಹೇಗೆ ಅಂತ ಹೇಳ್ಬೇಡಿ, ಮಾಡಿ ತೋರ್ಸಿ" ಅಂದರಂತೆ. ನೀನು ಗೋಡೆಗೆ ಒರಗಿ ತಿರುಗಿ ತೋರಿಸಿದೆ. ಹತ್ತು ನಿಮಿಷಕ್ಕೆ ಸಿ.ಟಿ. ಸ್ಕ್ಯಾನ್ ಆಯಿತು. ಭಾವ ಆ ಚಿತ್ರಗಳನ್ನು ನನಗೆ ಕಳಿಸಿ "ಇದೇನು ನೋಡೋ, ನಿನಗೆ ಅರ್ಥ ಆಗುತ್ತಲ್ಲ" ಅಂದರು. ಅರ್ಥವಾಯಿತು. ಎಡಗಡೆಯ ಮೂಳೆಯ ತುದಿ ಎದೆಮೂಳೆಯ ಹಿಂದೆ ಹೋಗಿ ಕೂತಿತ್ತು, ಉಸಿರಿನ ಕೊಳವೆ ಬಲಕ್ಕೆ ವಾಲಿತ್ತು, ರಕ್ತನಾಳ ಚಪ್ಪಟೆಯಾಗಿತ್ತು. ಆಸ್ಪತ್ರೆಯ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತ ಮೇಲೆ ಮುಖ ತೊಳೆದು, ತಲೆ ಬಾಚಿ, ಕೆಲಸಕ್ಕೆ ಮರಳಿದೆ. ನಾನು ಎಂಥವನು ನೋಡು.

ಎರಡು ದಿನದೊಳಗೆ ಬಂದಿದ್ದರೆ ಕೊಯ್ಯದೆಯೇ ಕೂರಿಸಬಹುದಿತ್ತು ಎಂದು ಆ ಡಾಕ್ಟರು ಹೇಳಿದ್ದು ನಿಮ್ಮ ಮನೆಯವರಿಗೆಲ್ಲ ಬಾಯಿಪಾಠವಾಗಿದೆ. ಮಂಪರು ಕೊಟ್ಟು, ಬೆನ್ನ ನಡುವೆ ಮರಳಿನ ಚೀಲ ಇಟ್ಟು ಕೈ ಎಳೆದರೆ ಹೆಚ್ಚಿನವು ಟಕ್ ಎಂದು ಜಾಗಕ್ಕೆ ಬರುತ್ತವೆ. ಒಂಬತ್ತು ದಿನಕ್ಕೆ ಅದು ಅಲ್ಲೇ ಅಂಟಿಕೊಂಡಿತ್ತು. ಎದೆಯ ಆಪರೇಷನ್ ಮಾಡುವ ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಐದು ಗಂಟೆ ಕೊಯ್ದರು. ಹೊರಗೆ ನಾನು ಭಾವನ ಭುಜದ ಮೇಲೆ ಕೈಯಿಟ್ಟು ಧೈರ್ಯ ಹೇಳುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡು "ನೀನಿದೀಯ ಅಂತ ಬದುಕಿದೀನಿ ಕಣೋ" ಅಂದರು.

ನೀನು ಉಳಿದೆ. ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಕಳೆದ ತಿಂಗಳು ನಿನಗೆ ಹೇಳದೆ ಒಂದು ಮಧ್ಯಾಹ್ನ ಕೊಳದ ಹತ್ತಿರ ಬಂದಿದ್ದೆ, ಜಾಲರಿಯ ಆಚೆ ನಿಂತಿದ್ದೆ. ನೀನು ದಡದಲ್ಲಿ ಸೀಟಿ ಕಚ್ಚಿಕೊಂಡು ಉದ್ದನೆಯ ಕೋಲು ಹಿಡಿದು ನಿಂತಿದ್ದೆ. ನೀರಿನಲ್ಲಿ ಬೇರೆ ಯಾರೋ ಹೊಸ ಟೀಚರು ಮಕ್ಕಳನ್ನು ಹಿಡಿದಿದ್ದರು. ಅವರು ಕೈಬೀಸುವುದನ್ನು ತಪ್ಪಾಗಿ ತೋರಿಸಿದಾಗ ನೀನು ಸರಿಮಾಡಲು ಹೋಗಿ, ಎಡಗೈ ಅರ್ಧಕ್ಕೆ ಏರಿ ನಿಂತಿತು. ಉಳಿದರ್ಧವನ್ನು ಬಾಯಲ್ಲೇ ಹೇಳಿದೆ. ಹಿಂದಿರುಗಿ ಬಂದು ಎರಡು ದಿನ ಊಟ ಸೇರಲಿಲ್ಲ ನನಗೆ. ಅದರಿಂದ ನಿನಗೇನು ಬಂತು?

ಈಗ ಭಾವನ ದೂರು. ನಮ್ಮ ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಜಾರಿ, ಕೈಯೂರಿ ಬಿದ್ದದ್ದು" ಎಂದು ಸಣ್ಣ ಡಾಕ್ಟರ ಅಕ್ಷರದಲ್ಲಿದೆ. ಬೀರಿನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಸೋಮಾರಿತನದಿಂದ ಬರೆದಿದ್ದಾಳೆ ಅನ್ನುವುದು ಭಾವನ ಸಿಟ್ಟು. ಹೆಂಡತಿಯನ್ನು ಸಾವಿನ ಬಾಯಿಂದ ತಂದವರ ಸಿಟ್ಟು, ಅದನ್ನು ತಪ್ಪೆನ್ನಲಾರೆ. ಅವರು ನಿನ್ನನ್ನು ಕೇಳಿದಾಗ ನೀನು "ನಂಗೆ ಜ್ಞಾಪಕ ಇಲ್ಲ, ನಾನೇ ಹಾಗೆ ಹೇಳಿರ್ಬೇಕು" ಅಂದೆಯಂತೆ. ನಿನಗೆ ಚೆನ್ನಾಗಿ ಜ್ಞಾಪಕ ಇದೆ ಅಕ್ಕಾ. ನಾನು ಗಾಬರಿಯಲ್ಲಿ ಏನೋ ಬಡಬಡಿಸಿದೆ ಎಂದು ನೀನೇ ನನಗೊಂದು ನೆಪ ಕಟ್ಟಿಕೊಟ್ಟಿದ್ದೀಯ. ಅಮ್ಮನ ಕೈಗನ್ನಡಿ ಒಡೆದು ನಾನು ಅದನ್ನು ಬೋರಲು ಹಾಕಿ ಮುಚ್ಚಿಟ್ಟಾಗಲೂ ನೀನೇ "ನಾನು" ಅಂದವಳು. ಕೆನ್ನೆಗೆ ಏಟು ನಿನಗೆ ಬಿತ್ತು, ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆ ರೂಢಿ ನಮ್ಮಿಬ್ಬರಿಗೂ ಬಿಟ್ಟುಹೋಗಲೇ ಇಲ್ಲ.

ನಿನ್ನೆ ಹೇಳಿಕೆ ಬರೆದೆ. ನಾಲ್ಕು ಪುಟ. ಕೊಡುವ ಮೊದಲು ನೆಲಮಾಳಿಗೆಗೆ ಹೋಗಿ ಸಣ್ಣ ಡಾಕ್ಟರಿಗೆ ತೋರಿಸಿದೆ. ಅಲ್ಲಿ ಕಿಟಕಿಯಿಲ್ಲ, ಕಡತಗಳ ಧೂಳಿಗೆ ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ನಿಂತೇ ಓದಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಓರೆ ಫಿಲ್ಮಿನ ಮಾತು ಬಂದ ಕಡೆ ಬೆರಳಿಟ್ಟು, "ಕಮಿಟಿಯೋರು ಮೊದಲು ಕರೆಸಿದಾಗ ನಾನು ಕೇಳಿದ್ದೆ ಅಂದೆ, ನಕ್ಕುಬಿಟ್ರು ಸರ್. ಆಮೇಲೆ ನಾನು ನಿಜವಾಗ್ಲೂ ಕೇಳಿದ್ನಾ ಅಂತ ನಂಗೇ ಡೌಟ್ ಬಂದಿತ್ತು" ಅಂದರು. ಒಂದು ಕೈ ಕೆಡಿಸಿದ್ದು ಸಾಲದು ಅಂತ ಒಬ್ಬರ ತಲೆಯನ್ನೂ ಕೆಡಿಸಲು ಹೊರಟಿದ್ದೆ. ಪುಟಗಳನ್ನು ಮಡಚಿ ಕೊಡುತ್ತಾ ಅವರು ಇನ್ನೊಂದೇ ಮಾತು ಕೇಳಿದರು: "ಇದು ನಿಮ್ಮ ಅಕ್ಕನಿಗೆ ಗೊತ್ತಾ?" ಇಲ್ಲ ಅಂದೆ. "ಎಲ್ಲರ ಮುಂದೆ ಮೊದಲ ಸಲ ಕೇಳೋ ಹಾಗೆ ಮಾಡ್ಬೇಡಿ. ಮನೇಲಿ ಹೇಳಿ" ಅಂದರು. ಅವರು ಹೇಳದಿದ್ದರೆ ಈ ಕಾಗದವನ್ನೂ ನಾನು ಬರೆಯುತ್ತಿರಲಿಲ್ಲ, ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಇವತ್ತು ಬೆಳಿಗ್ಗೆ ಹೇಳಿಕೆಯನ್ನು ಆಫೀಸಿನಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡೆ. ಇನ್ನು ಹಿಂತೆಗೆಯಲು ಬರುವುದಿಲ್ಲ. ನನ್ನ ಕೆಲಸ ಹೋಗುತ್ತದೆ ಎಂದೇ ಕಾಣುತ್ತದೆ, ಹೋಗಲಿ. ಭಾವ ನನ್ನನ್ನು ಮನೆಗೆ ಸೇರಿಸದಿದ್ದರೆ ಅದೂ ಸರಿಯೇ. ಅವರಿಗೆ ಈ ಕಾಗದ ಓದಲು ಕೊಡು. ನೀನು ನಿನ್ನ ಮಾತಿನಲ್ಲಿ ಹೇಳಬೇಡ, ನಿನ್ನ ಬಾಯಲ್ಲಿ ನನ್ನ ತಪ್ಪು ಅರ್ಧಕ್ಕರ್ಧ ಕರಗಿಬಿಡುತ್ತದೆ.

ನನಗೆ ಭಯ ಇರುವುದು ನಿನ್ನದೇ. ಕಮಿಟಿ ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತದೆ, ಜಾರಿ ಬಿದ್ದರು ಅಂತ ಅವತ್ತು ಹೇಳಿದವರು ಯಾರು ಎಂದು. ನಾನು ಬರೆದುಕೊಟ್ಟದ್ದಕ್ಕೂ ನೀನು ಹೇಳುವುದಕ್ಕೂ ತಾಳೆಯಾಗದಿದ್ದರೆ, ಡಾಕ್ಟರಮ್ಮನನ್ನು ನೋಡಿ ಮರುಗಿ ಇವನು ಸುಳ್ಳು ತಪ್ಪೊಪ್ಪಿಗೆ ಬರೆದಿದ್ದಾನೆ ಅನ್ನುತ್ತಾರೆ, ಅವರು ನೆಲಮಾಳಿಗೆಯಿಂದ ಸೀದಾ ಮನೆಗೆ ಹೋಗಬೇಕಾಗುತ್ತದೆ. ನೀನು ನನಗಾಗಿ ಏನೇನೋ ಮೈಮೇಲೆ ಹಾಕಿಕೊಂಡಿದ್ದೀಯ. ಈ ಒಂದು ಸಲ ಹಾಕಿಕೊಳ್ಳಬೇಡ. "ನನ್ನ ತಮ್ಮ ಹೇಳಿದ" ಅನ್ನು, ಸಾಕು. ಸಿಟ್ಟು ಬಂದಿದ್ದರೆ ಸಿಟ್ಟಿನಿಂದಲೇ ಅನ್ನು. ಬರಬೇಕು ನಿನಗೆ ಸಿಟ್ಟು. ಹದಿನಾಲ್ಕು ತಿಂಗಳು ನಿನ್ನ ಕಾಲನ್ನು ನೀನೇ ಬೈದುಕೊಂಡಿದ್ದೀಯ.

ನಾನು ಅದೇ ಕೋಣೆಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ಅವರು ಪ್ರಶ್ನೆ ಕೇಳಿದಾಗ, ಉತ್ತರ ಹೇಳುವ ಮೊದಲು ನೀನು ನನ್ನ ಮುಖ ನೋಡಬೇಡ ಅಕ್ಕಾ.

ಚಿಕ್ಕವನು ದೊಡ್ಡವಳಿಗೆ ಹರಸುವುದು ಉಂಟೋ ಇಲ್ಲವೋ, ನಾನು ಹರಸುತ್ತೇನೆ: ನಿನಗೆ ಎಡಮಗ್ಗುಲಲ್ಲಿ ಮಲಗಿ ಬೆಳಗಿನ ತನಕ ನೋವಿಲ್ಲದ ನಿದ್ದೆ ಬರಲಿ. ನನಗಾಗಿ ನಿನ್ನಿಂದ ಈ ಸಲ ನಾನು ಏನನ್ನೂ ಬೇಡುವುದಿಲ್ಲ, ಕ್ಷಮೆಯನ್ನೂ.

ಇಂತಿ,
ನಿನ್ನ ತಮ್ಮ